ತಪಸ್ಸುಕಾಲದ ನಲವತ್ತು ದಿನ: ಧರ್ಮಕೇಂದ್ರದಲ್ಲಿ ಏನು ನಡೆಯುತ್ತದೆ, ಯಾಕೆ?

ಕ್ಯಾಲೆಂಡರ್ ಹಿಡಿದು ಎಣಿಸಲು ಕೂತರೆ ತಪಸ್ಸುಕಾಲದ, ಅಂದರೆ ಕಥೋಲಿಕ ಕ್ರೈಸ್ತರು ಈಸ್ಟರಿಗೆ ಸಿದ್ಧರಾಗುವ ದಿನಗಳ, ಲೆಕ್ಕ ಮೊದಲ ಸಲಕ್ಕೇ ತಪ್ಪುತ್ತದೆ. 2026ರಲ್ಲಿ ಹಣೆಗೆ ಬೂದಿ ಹಚ್ಚಿ ಇದನ್ನು ಆರಂಭಿಸುವ ವಿಭೂತಿ ಬುಧವಾರ ಬಂದದ್ದು ಫೆಬ್ರವರಿ 18ಕ್ಕೆ, ಈಸ್ಟರ್ ಏಪ್ರಿಲ್ 5ಕ್ಕೆ. ಬುಧವಾರದಿಂದ ಈಸ್ಟರಿನ ಹಿಂದಿನ ದಿನವಾದ ಪವಿತ್ರ ಶನಿವಾರದವರೆಗೆ ಕೂಡಿಸಿದರೆ 46 ದಿನ. ನಲವತ್ತು ದಿನ ಎಂದು ಹಾಡಿನಲ್ಲೂ ಪ್ರಬೋಧನೆಯಲ್ಲೂ ಹೇಳುತ್ತಲೇ ಬಂದಿದ್ದೇವಲ್ಲ, ಹೆಚ್ಚುವರಿ ಆರು ದಿನ ಎಲ್ಲಿಂದ ಬಂತು? ಭಾನುವಾರಗಳನ್ನು ಕಳೆದುಬಿಡಿ, ಸರಿಹೋಗುತ್ತದೆ ಎನ್ನುವುದು ಧರ್ಮೋಪದೇಶದ ತರಗತಿಯಲ್ಲಿ ಸಿಗುವ ಉತ್ತರ. ಆದರೆ 1969ರಲ್ಲಿ ಹೊರಬಂದ ಆರಾಧನಾ ವರ್ಷದ ನಿಯಮಗಳನ್ನು ತೆರೆದರೆ ಅಲ್ಲಿ ಇನ್ನೊಂದು ಮಾತಿದೆ. ತಪಸ್ಸುಕಾಲ ಮುಗಿಯುವುದು ಪವಿತ್ರ ಗುರುವಾರ ಸಂಜೆಯ ಬಲಿಪೂಜೆ (ಮಾಸ್) ಶುರುವಾಗುವ ಮುಂಚೆ. ಆ ಲೆಕ್ಕದಲ್ಲಿ 44 ದಿನ!

ಇದು ಯಾರದೋ ಗಣಿತದ ತಪ್ಪಲ್ಲ, ಚರಿತ್ರೆಯ ಪದರಗಳು ಒಂದರ ಮೇಲೊಂದು ಕೂತಿರುವುದು. ಆರಂಭದಲ್ಲಿ ರೋಮಿನಲ್ಲಿ ತಪಸ್ಸುಕಾಲ ಶುರುವಾಗುತ್ತಿದ್ದುದು ಭಾನುವಾರ. ಮೊದಲ ಭಾನುವಾರದಿಂದ ಪವಿತ್ರ ಗುರುವಾರದವರೆಗೆ ಎಣಿಸಿ ನೋಡಿ, ಕರಾರುವಾಕ್ಕಾಗಿ ನಲವತ್ತು. ಮುಂದೆ ಜನ ಕಾಲವನ್ನಲ್ಲ, ಉಪವಾಸದ ದಿನಗಳನ್ನು ಎಣಿಸತೊಡಗಿದರು. ಭಾನುವಾರ ಪುನರುತ್ಥಾನದ ದಿನ, ಅಂದು ಉಪವಾಸವಿಲ್ಲ. ಆರು ವಾರಗಳಲ್ಲಿ ಆರು ಭಾನುವಾರ ಬಿಟ್ಟರೆ ಉಳಿದದ್ದು 36. ಕೊರತೆ ತುಂಬಲು ಹಿಂದಿನ ಬುಧವಾರದಿಂದ ನಾಲ್ಕು ದಿನ ಸೇರಿಸಿಕೊಂಡರು. ವಿಭೂತಿ ಬುಧವಾರ ಹುಟ್ಟಿದ್ದು ಹೀಗೆ. ಮಿಲಾನ್ ನಗರದ ಅಂಬ್ರೋಸಿಯನ್ ಪದ್ಧತಿಯವರು ಆ ನಾಲ್ಕು ದಿನ ಸೇರಿಸಿಕೊಳ್ಳಲೇ ಇಲ್ಲ; ಅವರಿಗೆ ಇಂದಿಗೂ ತಪಸ್ಸುಕಾಲ ಭಾನುವಾರವೇ ಆರಂಭ. ಪೂರ್ವದೇಶದ ಪದ್ಧತಿಗಳನ್ನು ಪಾಲಿಸುವ ಕಥೋಲಿಕರು ಸೋಮವಾರ ಶುರುಮಾಡುತ್ತಾರೆ. ಕಥೋಲಿಕ ಸಭೆಯಲ್ಲಿ ಎಲ್ಲವೂ ಎಲ್ಲೆಡೆ ಒಂದೇ ಅಚ್ಚಿನದು ಎಂದು ನಂಬಿದವರಿಗೆ ಇದೊಂದು ಒಳ್ಳೆಯ ಮದ್ದು.

ದಿನಾಂಕ ವರ್ಷವರ್ಷ ಓಡಾಡುವುದು ಈಸ್ಟರಿನಿಂದಾಗಿ. ಮಾರ್ಚ್ 21 ಅಥವಾ ಅದರ ನಂತರದ ಹುಣ್ಣಿಮೆ ಕಳೆದು ಬರುವ ಮೊದಲ ಭಾನುವಾರ ಈಸ್ಟರ್. ಅದು ಮಾರ್ಚ್ 22ಕ್ಕಿಂತ ಮುಂಚೆ ಬರುವುದಿಲ್ಲ, ಏಪ್ರಿಲ್ 25 ದಾಟುವುದಿಲ್ಲ. ಅಲ್ಲಿಂದ ಹಿಂದಕ್ಕೆ 46 ದಿನ ಎಣಿಸಿದರೆ ವಿಭೂತಿ ಬುಧವಾರ. ನಲವತ್ತೇ ಯಾಕೆ ಎಂಬುದಕ್ಕೆ ಬೈಬಲಿನಲ್ಲಿ ಬೇಕಾದಷ್ಟು ಕಾರಣಗಳಿವೆ: ಸೀನಾಯಿ ಬೆಟ್ಟದಲ್ಲಿ ಮೋಶೆ, ಹೋರೇಬಿನ ದಾರಿಯಲ್ಲಿ ಎಲೀಯ, ಮರಳುಗಾಡಿನಲ್ಲಿ ಯೇಸು.

ಇನ್ನು ಮುಖ್ಯ ವಿಷಯ. ತಪಸ್ಸುಕಾಲ ಬಂತೆಂದರೆ ಒಬ್ಬರನ್ನೊಬ್ಬರು ಕೇಳುವ ಮೊದಲ ಪ್ರಶ್ನೆ, ‘ಈ ಸಲ ಏನು ಬಿಟ್ಟೆ?’ ಮಾಂಸ ಬಿಟ್ಟೆ, ಸಿಹಿ ಬಿಟ್ಟೆ, ಮೊಬೈಲ್ ಬಿಟ್ಟೆ. ಹಾಗೆ ಬಿಡುವುದರಲ್ಲಿ ತಪ್ಪೇನಿಲ್ಲ. ಆದರೆ ಈ ಪ್ರಶ್ನೆಯೊಂದೇ ಉಳಿದರೆ ತಪಸ್ಸುಕಾಲ ಎಂಬುದು ನನಗೂ ನನ್ನ ದೇವರಿಗೂ ನಡುವಿನ ಖಾಸಗಿ ವ್ರತವಾಗಿಬಿಡುತ್ತದೆ. ಧರ್ಮಕೇಂದ್ರ, ಅಂದರೆ ಒಂದು ಚರ್ಚಿಗೆ ಸೇರಿದವರ ಸಮುದಾಯ, ಅದಕ್ಕೆ ಜಾಗ ಒದಗಿಸುವ ಸಭಾಂಗಣದಂತಾಗುತ್ತದೆ. ತಪಸ್ಸುಕಾಲ ಹುಟ್ಟಿದ್ದು ಆ ಉದ್ದೇಶಕ್ಕಲ್ಲ. ಈಸ್ಟರ್ ರಾತ್ರಿ ದೀಕ್ಷಾಸ್ನಾನ (ಸಭೆಗೆ ಸೇರಿಸಿಕೊಳ್ಳುವ ನೀರಿನ ವಿಧಿ) ಪಡೆಯಲಿದ್ದವರನ್ನು ಇಡೀ ಸಮುದಾಯ ಕೈಹಿಡಿದು ತಯಾರು ಮಾಡುತ್ತಿದ್ದ ಕಾಲವದು. ಘೋರ ಪಾಪಕ್ಕಾಗಿ ಸಭೆಯಿಂದ ಹೊರಗುಳಿದವರನ್ನು ಮರಳಿ ಒಳಗೆ ಕರೆದುಕೊಳ್ಳಲು ಸಿದ್ಧಪಡಿಸುತ್ತಿದ್ದುದೂ ಆಗಲೇ.

4ನೇ ಶತಮಾನದ ಕೊನೆಯಲ್ಲಿ ಎಗೇರಿಯಾ ಎಂಬ ಯಾತ್ರಿಕ ಮಹಿಳೆ ಜೆರುಸಲೇಮಿಗೆ ಹೋಗಿದ್ದಳು. ತಾನು ಕಂಡದ್ದನ್ನು ಊರಿನಲ್ಲಿದ್ದ ಸೋದರಿಯರಿಗೆ ವಿವರವಾಗಿ ಬರೆದಿದ್ದಾಳೆ. ದೀಕ್ಷಾಸ್ನಾನ ಬೇಕೆನ್ನುವವರು ತಪಸ್ಸುಕಾಲಕ್ಕೆ ಮುನ್ನ ಹೆಸರು ಕೊಡಬೇಕು. ಮರುದಿನ ಬಿಷಪರು ಎಲ್ಲರ ನಡುವೆ ಕೂತು ಒಬ್ಬೊಬ್ಬರನ್ನೇ ಕರೆಸುತ್ತಾರೆ. ಆದರೆ ಪ್ರಶ್ನೆ ಕೇಳುವುದು ಅವರನ್ನಲ್ಲ, ಅವರ ನೆರೆಹೊರೆಯವರನ್ನು! ಇವನ ನಡತೆ ಹೇಗೆ, ತಂದೆತಾಯಿಗೆ ಮರ್ಯಾದೆ ಕೊಡುತ್ತಾನೆಯೇ, ಕುಡುಕನೇ, ಸುಳ್ಳನೇ? ನೆರೆಯವರು ಪರವಾಗಿಲ್ಲ ಎಂದರೆ ಬಿಷಪರು ತಮ್ಮ ಕೈಯಾರೆ ಹೆಸರು ಬರೆದುಕೊಳ್ಳುತ್ತಾರೆ. ಇಲ್ಲವಾದರೆ, ಹೋಗು, ನಡತೆ ತಿದ್ದಿಕೊಂಡು ಬಾ ಎಂದು ಕಳಿಸುತ್ತಾರೆ. ಆಯ್ಕೆಯಾದವರಿಗೆ ಆಮೇಲೆ ದಿನಕ್ಕೆ ಮೂರು ಗಂಟೆಯಂತೆ ವಾರಗಟ್ಟಲೆ ಧರ್ಮಗ್ರಂಥದ ಪಾಠ. ದೀಕ್ಷಾಸ್ನಾನ ಆಗಲೇ ಪಡೆದಿದ್ದವರಲ್ಲೂ ಇಷ್ಟವಿದ್ದವರು ಬಂದು ಕೂರುತ್ತಿದ್ದರು. ಪಕ್ಕದ ಮನೆಯವರ ಸಾಕ್ಷಿ ಕೇಳಿ ಪಟ್ಟಿ ತಯಾರಿಸಿದ್ದರೆ ಇಂದು ನಮ್ಮಲ್ಲಿ ಎಷ್ಟು ಮಂದಿ ಪಾಸಾಗುತ್ತಿದ್ದೆವೋ!

ಕಾಲ ಕಳೆದಂತೆ ಹುಟ್ಟಿದ ಮಗುವಿಗೇ ದೀಕ್ಷಾಸ್ನಾನ ಕೊಡುವುದು ವಾಡಿಕೆಯಾಯಿತು. ದೊಡ್ಡವರಾಗಿ ಬರುವ ದೀಕ್ಷಾರ್ಥಿಗಳು ಕಡಿಮೆಯಾದರು. ತಪಸ್ಸುಕಾಲದ ಎರಡು ಕಾಲುಗಳಲ್ಲಿ ಒಂದು ಹೀಗೆ ಸೊರಗಿ, ಪಶ್ಚಾತ್ತಾಪದ ಕಾಲೊಂದೇ ಬಲಿಯಿತು. ಈಸ್ಟರಿನ ಹಿಂದಿನ ರಾತ್ರಿಯ ಪಾಸ್ಖ ಜಾಗರಣೆಯೂ ಹಿಂದಕ್ಕೆ ಸರಿಯುತ್ತಾ ಸರಿಯುತ್ತಾ ಕೊನೆಗೆ ಶನಿವಾರ ಬೆಳಿಗ್ಗೆ, ಖಾಲಿ ಚರ್ಚಿನಲ್ಲಿ ಗುರುಗಳು ಬೇಗಬೇಗ ಮುಗಿಸುವ ವಿಧಿಯಾಯಿತು. ಹಗಲು ಬೆಳಕಿನಲ್ಲಿ ನಿಂತು ‘ಇದೇ ಆ ರಾತ್ರಿ’ ಎಂದು ಹಾಡುತ್ತಿದ್ದ ಕಾಲವದು. 12ನೇ ಪಯಸ್ ಪೋಪರು 1951ರಲ್ಲಿ ಜಾಗರಣೆಯನ್ನು ಮತ್ತೆ ರಾತ್ರಿಗೆ ತಂದರು. ಬಿಷಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಆರಾಧನಾ ವಿಧಿಯ ಕುರಿತು ಪ್ರಕಟಿಸಿದ ದಾಖಲೆಯಲ್ಲಿ ತಪಸ್ಸುಕಾಲಕ್ಕೆ ಎರಡು ಗುಣಗಳಿವೆ ಎಂದು ಸ್ಪಷ್ಟವಾಗಿ ಬರೆಯಿತು: ದೀಕ್ಷಾಸ್ನಾನದ ಸ್ಮರಣೆ ಅಥವಾ ಸಿದ್ಧತೆ ಒಂದು, ಪಶ್ಚಾತ್ತಾಪ ಇನ್ನೊಂದು. ಈ ಪಶ್ಚಾತ್ತಾಪ ಒಳಗಿನದೂ ವೈಯಕ್ತಿಕವಾದದ್ದೂ ಆದರೆ ಸಾಲದು, ಹೊರಗೆ ಕಾಣುವಂಥದ್ದೂ ಸಾಮಾಜಿಕವೂ ಆಗಿರಬೇಕು ಎಂದೂ ಸೇರಿಸಿತು. ದೊಡ್ಡವರಿಗೆ ದೀಕ್ಷಾಸ್ನಾನ ಕೊಡುವ ವಿಧಿ ಹಂತಹಂತವಾಗಿ ನಡೆಯುವ ಹಳೆಯ ರೂಪದಲ್ಲಿ 1972ರಲ್ಲಿ ಮರಳಿ ಬಂತು.

ಈಗ ಮೊದಲ ಭಾನುವಾರದ ಹೊತ್ತಿಗೆ, ಸಾಮಾನ್ಯವಾಗಿ ಧರ್ಮಪ್ರಾಂತ್ಯದ (ಒಬ್ಬ ಬಿಷಪರ ಆಡಳಿತದ ಪ್ರದೇಶದ) ಪ್ರಧಾನ ಚರ್ಚಿನಲ್ಲಿ, ಬಿಷಪರ ಮುಂದೆ ದೀಕ್ಷಾರ್ಥಿಗಳ ಹೆಸರು ಬರೆಯುವ ವಿಧಿ ನಡೆಯುತ್ತದೆ. ಎಗೇರಿಯಾ ಕಂಡ ನೆರೆಹೊರೆಯವರ ಜಾಗದಲ್ಲಿ ಇಂದು ಜ್ಞಾನತಂದೆ, ಜ್ಞಾನತಾಯಿ ಮತ್ತು ಉಪದೇಶಿಗಳು ನಿಂತು ಸಾಕ್ಷಿ ನುಡಿಯುತ್ತಾರೆ. ಆಮೇಲೆ ಮೂರು, ನಾಲ್ಕು, ಐದನೇ ಭಾನುವಾರಗಳಲ್ಲಿ ಅವರವರ ಧರ್ಮಕೇಂದ್ರದಲ್ಲೇ ಪರಿಶೋಧನೆಯ ಪ್ರಾರ್ಥನೆಗಳು. ಪ್ರಬೋಧನೆ ಮುಗಿದ ಮೇಲೆ ದೀಕ್ಷಾರ್ಥಿಗಳು ಮುಂದೆ ಬಂದು ತಲೆಬಾಗುತ್ತಾರೆ ಅಥವಾ ಮೊಣಕಾಲೂರುತ್ತಾರೆ, ಜ್ಞಾನತಂದೆ ಅಥವಾ ಜ್ಞಾನತಾಯಿ ಅವರ ಹೆಗಲ ಮೇಲೆ ಬಲಗೈ ಇಡುತ್ತಾರೆ, ಉಳಿದವರೆಲ್ಲ ಅವರಿಗಾಗಿ ಪ್ರಾರ್ಥಿಸುತ್ತಾರೆ. ಪರಿಶೋಧನೆ ಎಂದರೆ ಪರೀಕ್ಷೆಯಲ್ಲ, ಅಂಕಪಟ್ಟಿಯೂ ಇಲ್ಲ. ದುರ್ಬಲವಾದದ್ದು ಗುಣವಾಗಲಿ, ಒಳ್ಳೆಯದು ಗಟ್ಟಿಯಾಗಲಿ ಎಂಬ ಬೇಡಿಕೆಯಷ್ಟೆ.

ಈ ಮೂರು ಭಾನುವಾರಗಳ ಶುಭಸಂದೇಶಗಳನ್ನು (ಯೇಸುವಿನ ಬದುಕನ್ನು ಹೇಳುವ ಬೈಬಲ್ ಭಾಗಗಳನ್ನು) ಒಟ್ಟಿಗೆ ಓದಬೇಕು. ಭಾನುವಾರದ ವಾಚನಗಳು ಮೂರು ವರ್ಷಕ್ಕೊಮ್ಮೆ ಸುತ್ತಿ ಬರುತ್ತವೆ. ಮೊದಲ ವರ್ಷದ ಸರದಿಯಲ್ಲಿ, ಅಂದರೆ 2026ರಂಥ ವರ್ಷದಲ್ಲಿ, ಸಂತ ಯೊವಾನ್ನರ ಮೂರು ದೀರ್ಘ ಕಥೆಗಳು ಬರುತ್ತವೆ. ದೀಕ್ಷಾರ್ಥಿಗಳಿರುವ ಕಡೆ ಯಾವ ವರ್ಷವಾದರೂ ಅವನ್ನೇ ಓದಬಹುದು. ಮೊದಲನೆಯದು ಬಾವಿಯ ಬಳಿ ಬಂದ ಸಮಾರಿಯದ ಹೆಂಗಸಿನದು. ಮಟಮಟ ಮಧ್ಯಾಹ್ನ ಒಂಟಿಯಾಗಿ ನೀರಿಗೆ ಬಂದವಳು, ಕೊನೆಗೆ ಕೊಡವನ್ನು ಅಲ್ಲೇ ಬಿಟ್ಟು ಊರಿಗೆ ಓಡಿಹೋಗಿ ಜನರನ್ನು ಕರೆತರುತ್ತಾಳೆ. ಎರಡನೆಯದು ಹುಟ್ಟುಕುರುಡನದು. ಅವನಿಗೆ ಕಣ್ಣು ಬರುವುದು ಕೆಲವೇ ಸಾಲುಗಳಲ್ಲಿ ಮುಗಿಯುತ್ತದೆ. ಉಳಿದ ಅಧ್ಯಾಯವೆಲ್ಲ ಸುತ್ತಲಿನವರದೇ ಗಲಾಟೆ. ನೆರೆಯವರು ಇವನೇ ಅವನೋ ಎಂದು ವಾದಿಸುತ್ತಾರೆ, ಫರಿಸಾಯರು ವಿಚಾರಣೆ ನಡೆಸುತ್ತಾರೆ, ಹೆತ್ತವರು ಹೆದರಿ ‘ಅವನನ್ನೇ ಕೇಳಿ’ ಎಂದು ಜಾರಿಕೊಳ್ಳುತ್ತಾರೆ. ಕಣ್ಣಿರುವವರು ಒಬ್ಬೊಬ್ಬರೇ ಕುರುಡಾಗುವ ಕಥೆ ಅದು. ಮೂರನೆಯದು ಲಾಜರನದು, ಅಲ್ಲಿ ಸತ್ತವನನ್ನು ಯೇಸು ಎಬ್ಬಿಸುತ್ತಾರೆ, ಆದರೆ ಕಟ್ಟು ಬಿಚ್ಚುವ ಕೆಲಸವನ್ನು ಸುತ್ತ ನಿಂತವರಿಗೆ ಒಪ್ಪಿಸುತ್ತಾರೆ. ನೀರು, ಬೆಳಕು, ಜೀವ: ದೀಕ್ಷಾಸ್ನಾನದ ಅರ್ಥವೆಲ್ಲ ಈ ಮೂರರಲ್ಲಿದೆ. ಮೂರರಲ್ಲೂ ಊರಿನ ಜನ ಇದ್ದೇ ಇದ್ದಾರೆ.

ತಪಸ್ಸುಕಾಲದ ಚಿಂತನೆ ಎಂದರೆ ಏನು ಮಾಡಬೇಕು ಎಂದು ಯಾರಾದರೂ ಕೇಳಿದರೆ ನನ್ನ ಸಲಹೆ ಇಷ್ಟೇ: ಮುಂದಿನ ಭಾನುವಾರದ ಶುಭಸಂದೇಶವನ್ನು ಈ ವಾರವೇ ನಾಲ್ಕೈದು ಮನೆಯವರು ಕೂಡಿ ಓದಿ. 12ನೇ ಶತಮಾನದ ಕಾರ್ಥೂಸಿಯನ್ ಸನ್ಯಾಸಿ ಎರಡನೇ ಗೀಗೋ ಹೇಳಿಕೊಟ್ಟ ಕ್ರಮ ಇಂದಿಗೂ ಚಾಲ್ತಿಯಲ್ಲಿದೆ: ಓದು, ಮನನ, ಪ್ರಾರ್ಥನೆ, ಮೌನ ಧ್ಯಾನ. ಹುಟ್ಟುಕುರುಡನ ಅಧ್ಯಾಯವನ್ನು ಹೀಗೆ ಓದುವಾಗ ‘ನಾನು ಈ ಕಥೆಯಲ್ಲಿ ಯಾರು’ ಎಂದು ಒಬ್ಬೊಬ್ಬರೂ ಹೇಳಿದರೆ ಸಾಕು, ಬೇರೆ ಪ್ರಶ್ನಾವಳಿ ಬೇಕಿಲ್ಲ. ಹೆಚ್ಚಿನವರು ಹೆತ್ತವರನ್ನು ಆರಿಸಿಕೊಳ್ಳುತ್ತಾರೆ ಎಂಬುದನ್ನು ಗಮನಿಸಿದ್ದೇನೆ.

ಉಪವಾಸದ ಕಾನೂನಿಗೆ ಬರೋಣ, ಗೊಂದಲ ಹೆಚ್ಚಿರುವುದು ಇಲ್ಲೇ. ಉಪವಾಸ ಬೇರೆ, ಮಾಂಸತ್ಯಾಗ ಬೇರೆ. 1983ರ ಧರ್ಮಸಭಾ ಕಾನೂನಿನ ಪ್ರಕಾರ ಎರಡೂ ಒಟ್ಟಿಗೆ ಕಡ್ಡಾಯವಾಗಿರುವುದು ವರ್ಷದಲ್ಲಿ ಎರಡೇ ದಿನ, ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಉಳಿದ ಶುಕ್ರವಾರಗಳಂದು ಮಾಂಸತ್ಯಾಗ ಮಾತ್ರ. ಅದೂ ತಪಸ್ಸುಕಾಲದ ಶುಕ್ರವಾರಗಳಷ್ಟೇ ಅಲ್ಲ, ವರ್ಷವಿಡೀ. ಆದರೆ ಅದರ ಬದಲಿಗೆ ಬೇರೆ ತಪಸ್ಸನ್ನೋ ದಾನವನ್ನೋ ನಿಗದಿ ಮಾಡುವ ಅಧಿಕಾರ ಆಯಾ ದೇಶದ ಬಿಷಪರ ಮಂಡಳಿಗಿದೆ. ಅದಕ್ಕೇ ಒಂದು ದೇಶದಲ್ಲಿರುವ ನಿಯಮ ಇನ್ನೊಂದರಲ್ಲಿ ಇರುವುದಿಲ್ಲ. ಮಾಂಸತ್ಯಾಗ 14 ತುಂಬಿದವರಿಗೆಲ್ಲ ಅನ್ವಯ. ಉಪವಾಸ 18 ತುಂಬಿದವರಿಂದ ಹಿಡಿದು 60ನೇ ವರ್ಷಕ್ಕೆ ಕಾಲಿಡುವವರೆಗೆ, ಅಂದರೆ 59ನೇ ಹುಟ್ಟುಹಬ್ಬದವರೆಗೆ. ಉಪವಾಸವೆಂದರೆ ನೀರೂ ಮುಟ್ಟದಿರುವುದಲ್ಲ: ಆರನೇ ಪೌಲ್ ಪೋಪರು 1966ರ ಫೆಬ್ರವರಿ 17ರಂದು ಹೊರಡಿಸಿದ ಆದೇಶದಂತೆ ದಿನಕ್ಕೆ ಒಂದು ಪೂರ್ತಿ ಊಟ, ಬೆಳಿಗ್ಗೆ ಸಂಜೆ ಅಲ್ಪಾಹಾರ. ಮೀನು, ಮೊಟ್ಟೆ, ಹಾಲಿನ ಪದಾರ್ಥಗಳಿಗೆ ಈ ಕಾನೂನಿನಲ್ಲಿ ನಿಷೇಧವಿಲ್ಲ. ಕಾಯಿಲೆಯವರನ್ನು, ಗರ್ಭಿಣಿಯರನ್ನು ಕಾನೂನು ಪೀಡಿಸುವುದಿಲ್ಲ. ಶುಕ್ರವಾರ ಮಹೋತ್ಸವದ ದರ್ಜೆಯ ಹಬ್ಬ ಬಿದ್ದರೆ ಮಾಂಸತ್ಯಾಗವೂ ಇಲ್ಲ. 2027ರಲ್ಲಿ ಆ ದರ್ಜೆಯ ಸಂತ ಜೋಸೆಫರ ಹಬ್ಬ, ಮಾರ್ಚ್ 19, ಶುಕ್ರವಾರವೇ ಬರುತ್ತದೆ.

ಹಿಂದಿನವರು ಸಂಜೆಯವರೆಗೆ ಏನೂ ತಿನ್ನುತ್ತಿರಲಿಲ್ಲ, ಈಗ ಎರಡೇ ದಿನವಂತೆ, ಎಂದು ಮೂಗು ಮುರಿಯುವವರಿದ್ದಾರೆ. ಅವರು ಆ ಕಾನೂನಿನಲ್ಲಿ ತಪಸ್ಸಿನ ಭಾಗದ ಮೊದಲ ವಾಕ್ಯವನ್ನು ಓದಬೇಕು. ಪ್ರತಿಯೊಬ್ಬ ವಿಶ್ವಾಸಿಯೂ ತನ್ನದೇ ರೀತಿಯಲ್ಲಿ ತಪಸ್ಸು ಮಾಡಬೇಕಾದದ್ದು ದೇವರ ನಿಯಮ; ಆದರೆ ಎಲ್ಲರೂ ಸೇರಿ ಒಂದೇ ಆಚರಣೆಯಲ್ಲಿ ಒಂದಾಗಲಿ ಎಂದು ಕೆಲವು ದಿನಗಳನ್ನು ಗೊತ್ತುಮಾಡಲಾಗಿದೆ ಎಂಬರ್ಥದ ಮಾತು ಅಲ್ಲಿದೆ. ಅಂದರೆ ಆ ಎರಡು ದಿನಗಳು ತಪಸ್ಸಿನ ಗರಿಷ್ಠ ಮಿತಿಯಲ್ಲ. ಬಡವ ಬಲ್ಲಿದ, ಗುರು ವಿಶ್ವಾಸಿ, ಬಿಷಪರು ಪೋಪರು ಎನ್ನದೆ ಎಲ್ಲರೂ ಒಂದೇ ದಿನ ಹಸಿದಿರುವುದು ಅದರ ಗುರಿ. ಖಾಸಗಿಯಾಗಿ ನೀವು ಏನು ಬಿಟ್ಟಿರಿ, ಭಾನುವಾರ ಅದಕ್ಕೆ ರಜೆ ಇದೆಯೇ ಇಲ್ಲವೇ ಎಂಬ ಚರ್ಚೆಗೆ ಕಾನೂನು ತಲೆಹಾಕುವುದೇ ಇಲ್ಲ.

ವಿಭೂತಿ ಬುಧವಾರದ ಕೆಲಸ ಧರ್ಮಕೇಂದ್ರದಲ್ಲಿ ಕೆಲವು ದಿನ ಮುಂಚೆಯೇ ಶುರುವಾಗುತ್ತದೆ. ಹಿಂದಿನ ವರ್ಷದ ಗರಿಗಳ ಭಾನುವಾರ (ಈಸ್ಟರಿಗೆ ಒಂದು ವಾರ ಮುಂಚಿನ ಭಾನುವಾರ) ಹಂಚಿದ್ದ ಗರಿಗಳನ್ನು ಜನ ಶಿಲುಬೆಯ ಹಿಂದೆ, ಪಟದ ಹಿಂದೆ ಸಿಕ್ಕಿಸಿಟ್ಟಿರುತ್ತಾರೆ. ಅವನ್ನು ತಂದೊಪ್ಪಿಸಿ ಎಂದು ಪ್ರಕಟಣೆ ಹೋಗುತ್ತದೆ. ಚೆನ್ನಾಗಿ ಒಣಗಿದ್ದರೆ ಸರಸರನೆ ಉರಿದುಹೋಗುತ್ತವೆ, ಅರೆಹಸಿ ಇದ್ದರೆ ಬರೀ ಹೊಗೆ. ಸುಟ್ಟದ್ದು ಮೊದಲು ಕಪ್ಪು ಚೂರುಗಳಾಗಿರುತ್ತದೆ. ಅದನ್ನು ಪುಡಿಮಾಡಿ ಜರಡಿ ಹಿಡಿಯದಿದ್ದರೆ ಹಣೆಗೆ ಹಚ್ಚುವಾಗ ಗೀರುತ್ತದೆ. ದೊಡ್ಡ ಗಂಟು ಗರಿ ಸುಟ್ಟರೂ ಸಿಗುವುದು ಒಂದು ಬಟ್ಟಲು ಬೂದಿ.

ಆ ಬೂದಿ ದೀಕ್ಷಾಸ್ನಾನದಂಥ ಸಂಸ್ಕಾರವಲ್ಲ, ಸಂಸ್ಕಾರದ ಹತ್ತಿರದ ಚಿಹ್ನೆ. ಹಾಗಾಗಿ ದೀಕ್ಷಾಸ್ನಾನ ಆಗದವರೂ ಪಡೆಯಬಹುದು. ಅಂದು ಬಲಿಪೂಜೆಗೆ ಬರಲೇಬೇಕೆಂಬ ಕಡ್ಡಾಯವಿಲ್ಲ, ಆದರೂ ಚರ್ಚು ತುಂಬುತ್ತದೆ. ಹಚ್ಚುವಾಗ ಹೇಳುವ ಮಾತು ಎರಡರಲ್ಲೊಂದು: ಪಶ್ಚಾತ್ತಾಪಪಟ್ಟು ಶುಭಸಂದೇಶವನ್ನು ನಂಬು ಎಂಬುದು, ಇಲ್ಲವೇ ನೀನು ಮಣ್ಣು, ಮಣ್ಣಿಗೇ ಮರಳುವೆ ಎಂಬುದು. ಕೆಲವು ದೇಶಗಳಲ್ಲಿ ಹಣೆಗೆ ಹಚ್ಚದೆ ನೆತ್ತಿಯ ಮೇಲೆ ಉದುರಿಸುತ್ತಾರೆ. 2021ರ ಸಾಂಕ್ರಾಮಿಕದ ವರ್ಷ ಎಲ್ಲ ಕಡೆಗೂ ಅದೇ ಸೂಚನೆ ಬಂದಿತ್ತು, ಮಾತನ್ನು ಎಲ್ಲರಿಗೂ ಸೇರಿ ಒಮ್ಮೆ ಹೇಳಿ ಉಳಿದದ್ದೆಲ್ಲ ಮೌನವಾಗಿ. ತಮಾಷೆಯೆಂದರೆ ಅಂದು ಓದುವ ಶುಭಸಂದೇಶ ಮತ್ತಾಯನ 6ನೇ ಅಧ್ಯಾಯ: ಉಪವಾಸ ಮಾಡುವಾಗ ಜನರಿಗೆ ಕಾಣುವಂತೆ ಮಾಡಬೇಡ, ಮುಖ ತೊಳೆದುಕೋ. ಅದನ್ನು ಕೇಳಿಸಿಕೊಂಡ ಹತ್ತೇ ನಿಮಿಷಕ್ಕೆ ಹಣೆಗೆ ಕಪ್ಪು ಹಚ್ಚಿಸಿಕೊಳ್ಳುತ್ತೇವೆ. ಈ ವಿರೋಧ ಬಗೆಹರಿಯುವುದೂ ಸಾಲಿನಲ್ಲಿ ನಿಂತಾಗಲೇ. ಮುಂದಿನವರಿಗೂ ಹಿಂದಿನವರಿಗೂ ಅದೇ ಗುರುತು ಇರುವಾಗ ಮೆರೆಸಿಕೊಳ್ಳುವುದು ಯಾರ ಮುಂದೆ?

ಚರ್ಚಿನ ಒಳಗೂ ಬದಲಾವಣೆ ಕಾಣುತ್ತದೆ. ನೇರಳೆ ವಸ್ತ್ರ, ಬಲಿಪೀಠದ ಮೇಲೆ ಹೂವಿಲ್ಲ, ಅಲ್ಲೆಲೂಯ ಎಂಬ ಹರ್ಷದ ಘೋಷ ಇಲ್ಲ, ವಾದ್ಯ ಹಾಡಿಗೆ ಆಸರೆಯಾಗುವಷ್ಟೇ. ನಾಲ್ಕನೇ ಭಾನುವಾರ ಮಾತ್ರ ಗುಲಾಬಿ ಬಣ್ಣಕ್ಕೆ, ಹೂವಿಗೆ ಅವಕಾಶ.

ಯೇಸು ಶಿಲುಬೆ ಹೊತ್ತು ನಡೆದ ದಾರಿಯನ್ನು ಸ್ಥಳಸ್ಥಳವಾಗಿ ಧ್ಯಾನಿಸುವ ಶುಕ್ರವಾರಗಳ ಶಿಲುಬೆಹಾದಿ ಜನ ಅತಿ ಹೆಚ್ಚು ಪ್ರೀತಿಸುವ ಭಕ್ತಿ. ಜೆರುಸಲೇಮಿಗೆ ಹೋಗಲಾಗದವರಿಗೆ ಆ ದಾರಿಯನ್ನು ಊರೂರಿಗೆ ತಂದವರಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳು ಮೊದಲಿಗರು. ಹದಿನಾಲ್ಕು ಸ್ಥಳಗಳು ಎಂಬ ಸಂಖ್ಯೆ ಸ್ಥಿರವಾದದ್ದು 1731ರಲ್ಲಿ, 12ನೇ ಕ್ಲೆಮೆಂಟ್ ಪೋಪರ ಕಾಲದಲ್ಲಿ. ಮೂರು ಸಲ ಬೀಳುವುದು, ವೆರೋನಿಕಾ ಮುಖ ಒರೆಸುವುದು ಶುಭಸಂದೇಶಗಳಲ್ಲಿ ಇಲ್ಲ. ಎರಡನೇ ಜಾನ್ ಪಾಲ್ ಪೋಪರು 1991ರ ಶುಭ ಶುಕ್ರವಾರ ಬೈಬಲಿನ ಪ್ರಸಂಗಗಳಷ್ಟೇ ಇರುವ ಇನ್ನೊಂದು ಕ್ರಮವನ್ನು ಅನುಸರಿಸಿದರು. ಆದರೂ ಜನ ಹಳೆಯದನ್ನೇ ಹಿಡಿದಿದ್ದಾರೆ. ಬಿದ್ದು ಎದ್ದವನ ಕಥೆಯನ್ನು ಬಿಟ್ಟುಕೊಡಲು ಯಾರಿಗೂ ಮನಸ್ಸಿಲ್ಲ.

ಪಾಪನಿವೇದನೆಯ ಸಂಜೆ ಇನ್ನೊಂದು ಬಗೆಯದು. ಸುತ್ತಲಿನ ಧರ್ಮಕೇಂದ್ರಗಳ ಗುರುಗಳು ಸರದಿಯಂತೆ ಒಂದೊಂದು ಚರ್ಚಿಗೆ ಬಂದು ಸೇರುವ ಏರ್ಪಾಡು ಹಲವು ಕಡೆ ಇದೆ. ಮೊದಲು ಎಲ್ಲರೂ ಕೂಡಿ ವಾಚನ ಕೇಳಿ, ಒಟ್ಟಿಗೆ ಆತ್ಮಪರಿಶೀಲನೆ ಮಾಡುತ್ತಾರೆ. ಆಮೇಲೆ ಒಬ್ಬೊಬ್ಬರೂ ಬೇರೆಬೇರೆಯಾಗಿ ನಿವೇದಿಸಿ ಪಾಪಕ್ಷಮೆ ಪಡೆಯುತ್ತಾರೆ. ತಮ್ಮ ವಿಚಾರಣಾ ಗುರುಗಳ ಮುಂದೆ ಬಾಯಿ ಬಿಡಲು ಹಿಂಜರಿಯುವವರು ಪರಊರಿನ ಗುರುಗಳ ಸಾಲಿನಲ್ಲಿ ನಿಲ್ಲುತ್ತಾರೆ, ಆ ಸಾಲು ಯಾವಾಗಲೂ ಉದ್ದ. ಕೇಳಿದ್ದನ್ನು ಗುರುಗಳು ಯಾವ ಕಾರಣಕ್ಕೂ ಹೊರಗೆಡಹುವಂತಿಲ್ಲ. ನೇರವಾಗಿ ಹೊರಗೆಡಹಿದರೆ ಆ ಕ್ಷಣವೇ ಸಭೆಯಿಂದ ಬಹಿಷ್ಕಾರ. ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ, ಪಾಸ್ಖ ಕಾಲದಲ್ಲಿ ಪರಮಪ್ರಸಾದ (ಬಲಿಪೂಜೆಯಲ್ಲಿ ಪವಿತ್ರಗೊಳಿಸಿ ಹಂಚುವ ರೊಟ್ಟಿ) ಎಂಬ ನಿಯಮ 1215ರ ನಾಲ್ಕನೇ ಲ್ಯಾಟರನ್ ಮಹಾಸಭೆಯದು. ಈಗಿನ ಕಾನೂನಿನಲ್ಲಿ ವಾರ್ಷಿಕ ನಿವೇದನೆಯ ಕಡ್ಡಾಯ ಗಂಭೀರ ಪಾಪಗಳಿಗೆ. ಬರೀ ಕಡ್ಡಾಯಕ್ಕಾಗಿ ಬರುವವರಷ್ಟೇ ಇದ್ದಿದ್ದರೆ ಈ ಸಾಲುಗಳು ಇಷ್ಟು ಉದ್ದ ಇರುತ್ತಿರಲಿಲ್ಲ ಎಂಬುದು ನನ್ನ ಅಂದಾಜು.

ದಾನಧರ್ಮದ ಮಾತು ಹೆಚ್ಚಾಗಿ ಕಾಣಿಕೆ ಡಬ್ಬಿಯಲ್ಲೇ ಮುಗಿದುಹೋಗುತ್ತದೆ. ಉಪವಾಸದಿಂದ ಉಳಿದದ್ದು ಹಸಿದವನ ತಟ್ಟೆಗೆ ಹೋಗಬೇಕು ಎಂಬುದು 5ನೇ ಶತಮಾನದಲ್ಲಿ ಮಹಾ ಲಿಯೋ ಪೋಪರು ತಮ್ಮ ಪ್ರಬೋಧನೆಗಳಲ್ಲಿ ಮತ್ತೆಮತ್ತೆ ಹೇಳಿದ್ದ ಲೆಕ್ಕ. ವಿಭೂತಿ ಬುಧವಾರ ಕಳೆದ ಮೊದಲ ಶುಕ್ರವಾರವೇ ಯೆಶಾಯನ 58ನೇ ಅಧ್ಯಾಯವನ್ನು ಓದುತ್ತಾರೆ. ಉಪವಾಸ ಮಾಡುತ್ತಲೇ ಆಳುಗಳನ್ನು ದುಡಿಸಿ ಹಿಂಡುವವರಿಗೆ ಪ್ರವಾದಿ ಬೈಯುವ ಬೈಗುಳ ಕೇಳಿದರೆ ಯಜಮಾನಿಕೆ ನಡೆಸುವ ಯಾರಿಗೂ ಕಿವಿ ಬಿಸಿಯಾಗಬೇಕು. ಧರ್ಮಕೇಂದ್ರದಲ್ಲಿ ಯಾವ ಮನೆಯಲ್ಲಿ ಒಲೆ ಉರಿಯುತ್ತಿಲ್ಲ ಎಂಬುದು 1833ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಸಂತ ವಿನ್ಸೆಂಟ್ ದ ಪೌಲ್ ಸಭೆಯಂಥ ಗುಂಪುಗಳಿಗೆ ಗೊತ್ತಿರುತ್ತದೆ. ಅವರು ಮನೆಗೇ ಹೋಗಿ ಬರುತ್ತಾರೆ. ಡಬ್ಬಿಗೆ ಹಾಕಿ ಕೈತೊಳೆದುಕೊಳ್ಳುವುದಕ್ಕಿಂತ ಅವರ ಜೊತೆ ಒಂದು ಸುತ್ತು ಹೋಗಿಬರುವುದು ಕಷ್ಟದ ತಪಸ್ಸು.

ಪವಿತ್ರ ವಾರದ ವಿಧಿಗಳನ್ನು ಬಿಡಿಸಿ ಬರೆಯಲು ಇನ್ನೊಂದು ಲೇಖನವೇ ಬೇಕು. ಗುರುವಾರ ಸಂಜೆ ಪಾದ ತೊಳೆಯುವ ವಿಧಿಗೆ ಹೆಂಗಸರನ್ನೂ ಆರಿಸಬಹುದೆಂದು 2016ರ ಜನವರಿಯಲ್ಲಿ ಆದೇಶವಾಯಿತು, ಅಲ್ಲಿಯವರೆಗೆ ನಿಯಮದ ಪುಸ್ತಕದಲ್ಲಿ ಗಂಡಸರಷ್ಟೇ ಇದ್ದರು. ಶುಭ ಶುಕ್ರವಾರ ಬಲಿಪೂಜೆ ಇಲ್ಲ. ಹಂಚುವ ಪರಮಪ್ರಸಾದ ಹಿಂದಿನ ದಿನದ್ದು. ಶನಿವಾರ ಕತ್ತಲಾದ ಮೇಲೆ ಹೊಸ ಬೆಂಕಿ, ಆ ವರ್ಷದ ಅಂಕಿಗಳನ್ನು ಕೊರೆದ ಪಾಸ್ಖ ಮೇಣದಬತ್ತಿ, ಹಳೆಯ ಒಡಂಬಡಿಕೆಯಿಂದ ಏಳು ವಾಚನಗಳು. ಕಡಿಮೆ ಮಾಡಬೇಕಾಗಿ ಬಂದರೂ ಕೆಂಪು ಸಮುದ್ರ ದಾಟುವ ಕಥೆಯನ್ನು ಬಿಡುವಂತಿಲ್ಲ, ಏಕೆಂದರೆ ಅದು ನೀರಿನ ಮೂಲಕ ಇಡೀ ಜನಾಂಗವೊಂದು ಪಾರಾದ ಕಥೆ. ವಾಚನಗಳೂ ಪ್ರಬೋಧನೆಯೂ ಮುಗಿದ ಮೇಲೆ ಹೊಸಬರಿಗೆ ದೀಕ್ಷಾಸ್ನಾನ. ಉಳಿದವರು ಕೈಯಲ್ಲಿ ಬತ್ತಿ ಹಿಡಿದು ತಮ್ಮ ದೀಕ್ಷೆಯ ವಚನಗಳನ್ನು ಹೊಸದಾಗಿ ನುಡಿಯುತ್ತಾರೆ. ಆ ವರ್ಷ ಒಬ್ಬರೂ ದೀಕ್ಷಾರ್ಥಿ ಇಲ್ಲದ ಧರ್ಮಕೇಂದ್ರದಲ್ಲೂ ಈ ವಚನ ತಪ್ಪುವುದಿಲ್ಲ.

ನನ್ನ ತಕರಾರು ಇರುವುದು ಇದರ ಮುಂದಿನ ಭಾಗದ ಬಗ್ಗೆ. ಈಸ್ಟರಿನಿಂದ ಪವಿತ್ರಾತ್ಮರ ಆಗಮನವನ್ನು ಸ್ಮರಿಸುವ ಪೆಂತೆಕೋಸ್ತ್ ಹಬ್ಬದವರೆಗೆ 50 ದಿನ, ತಪಸ್ಸುಕಾಲಕ್ಕಿಂತ ದೊಡ್ಡದು. ಹೊಸಬರು ತಾವು ಪಡೆದ ಸಂಸ್ಕಾರಗಳ ಅರ್ಥವನ್ನು ಸಮುದಾಯದ ಜೊತೆ ಬದುಕಿ ತಿಳಿಯಲೆಂದೇ 1972ರ ವಿಧಿ ಆ ದಿನಗಳನ್ನು ಮೀಸಲಿಟ್ಟಿದೆ. ತಪಸ್ಸುಕಾಲದ ಚಿಂತನೆಗೆ, ಧ್ಯಾನಕೂಟಕ್ಕೆ, ಶಿಲುಬೆಹಾದಿಗೆ ವೇಳಾಪಟ್ಟಿ ಅಚ್ಚುಹಾಕಿಸುವ ಪಾಲನಾ ಸಮಿತಿಗಳು ಈಸ್ಟರ್ ಮುಗಿದ ಸೋಮವಾರವೇ ಕಡತ ಮುಚ್ಚಿಡುತ್ತವೆ. ನಾಲ್ಕೈದು ಮನೆಯವರು ಕೂಡಿ ಓದುತ್ತಿದ್ದ ಕೂಟವೂ ನಿಂತುಹೋಗುತ್ತದೆ. ಜಾಗರಣೆಯ ರಾತ್ರಿ ಎಲ್ಲರೂ ಕೈಕುಲುಕಿದ ಹೊಸಬರಿಗೆ ಮೇ ತಿಂಗಳಲ್ಲಿ ಚರ್ಚಿನ ಬಾಗಿಲಲ್ಲಿ ಹೆಸರು ಹಿಡಿದು ಮಾತಾಡಿಸುವವರು ಸಿಗುವುದಿಲ್ಲ. ಮುಂದಿನ ವರ್ಷದ ತಪಸ್ಸುಕಾಲದ ಯೋಜನೆ ಬರೆಯುವಾಗ ಈ 50 ದಿನಗಳಿಗೂ ಅದೇ ಹಾಳೆಯಲ್ಲಿ ಜಾಗ ಬಿಡಬೇಕು, ಆ ಕೂಟಗಳನ್ನು ಪೆಂತೆಕೋಸ್ತಿನವರೆಗೆ ಮುಂದುವರಿಸಬೇಕು, ಒಬ್ಬೊಬ್ಬ ಹೊಸಬರಿಗೂ ಒಂದೊಂದು ಮನೆಯನ್ನು ಗೊತ್ತುಮಾಡಬೇಕು.